ಮನೆ ಕಟ್ಟುವ ಗುತ್ತಿಗೆದಾರರು ತಂತ್ರಾಂಶವನ್ನು ಆರಿಸಿಕೊಳ್ಳುವ ಬಗೆ

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಏಕಕಾಲಕ್ಕೆ ನಾಲ್ಕೈದು ಸ್ವತಂತ್ರ ಮನೆಗಳನ್ನು ಕಟ್ಟಿಸುತ್ತಿರುವ ಗುತ್ತಿಗೆದಾರರ ಲೆಕ್ಕಪತ್ರಗಳು ಸಾಮಾನ್ಯವಾಗಿ ಒಂದೇ ಕಡೆ ಇರುವುದಿಲ್ಲ. ಕೊಟೇಶನ್ ಎಕ್ಸೆಲ್‌ನಲ್ಲಿರುತ್ತದೆ, ಹಾಜರಿ ಮೇಸ್ತ್ರಿಯ ಪುಸ್ತಕದಲ್ಲಿರುತ್ತದೆ, ಮನೆ ಮಾಲೀಕರು ಹೇಳಿದ ಬದಲಾವಣೆಗಳು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೂತುಹೋಗಿರುತ್ತವೆ, ಜಲ್ಲಿ ಮತ್ತು ಎಂ ಸ್ಯಾಂಡ್ ಲೋಡುಗಳ ಚೀಟಿಗಳು ಕಾರಿನ ಡ್ಯಾಶ್‌ಬೋರ್ಡಿನಲ್ಲಿರುತ್ತವೆ, ತೆರಿಗೆಯ ಲೆಕ್ಕವು ಲೆಕ್ಕಿಗರ ಕಚೇರಿಯಲ್ಲಿ ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದಲ್ಲಿರುತ್ತದೆ. ಒಂದೆರಡು ಮನೆಗಳಿರುವವರೆಗೆ ಇವೆಲ್ಲವನ್ನೂ ಗುತ್ತಿಗೆದಾರರ ನೆನಪೇ ಜೋಡಿಸಿಕೊಂಡು ಹೋಗುತ್ತದೆ. ಅಷ್ಟೇ ಕೆಲಸವಿರುವವರಿಗೆ ಒಂದು ಗೂಗಲ್ ಶೀಟ್ ಮತ್ತು ಶಿಸ್ತಿನಿಂದ ಬರೆದ ಒಂದು ಡೈರಿ ಸಾಕು. ಅವರು ಹಣ ಕೊಟ್ಟು ತಂತ್ರಾಂಶ ಕೊಳ್ಳಬೇಕಾಗಿಲ್ಲ. ಮನೆಗಳು ಮೂರನ್ನು ದಾಟಿದ ಮೇಲೆ, ಅದರಲ್ಲೂ ಅವು ಊರಿನ ಬೇರೆ ಬೇರೆ ದಿಕ್ಕುಗಳಲ್ಲಿದ್ದಾಗ, ಯಾವ ಸೈಟಿನಲ್ಲಿ ಏನು ನಡೆಯಿತೆಂಬುದು ಗುತ್ತಿಗೆದಾರರಿಗೆ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ.

ಆಗ ಅವರು ಕೇಳುವ ಪ್ರಶ್ನೆ "ಯಾವ ಸಾಫ್ಟ್‌ವೇರ್ ಒಳ್ಳೆಯದು?" ಎಂಬುದು. ತಮ್ಮ ಹಣ ಎಲ್ಲಿ ಸೋರುತ್ತಿದೆ, ಅದರ ಮಾಹಿತಿ ಸೈಟಿನಲ್ಲಿ ಯಾರ ಕೈಯಲ್ಲಿ ಹುಟ್ಟುತ್ತದೆ ಎಂಬುದನ್ನು ಮೊದಲು ಗುರುತಿಸಿಕೊಂಡರೆ ಮಾತ್ರ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಮಾರುಕಟ್ಟೆಯಲ್ಲಿ ಸಿಗುವ ತಂತ್ರಾಂಶಗಳಲ್ಲಿ ಸ್ಥೂಲವಾಗಿ ಮೂರು ವಂಶಗಳಿವೆ. ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಮತ್ತು ಒರಾಕಲ್ ಸಂಸ್ಥೆಯ ಪ್ರಿಮವೆರಾ ಮೊದಲನೆಯ ವಂಶಕ್ಕೆ ಸೇರಿದವು. ಯಾವ ಕೆಲಸದ ನಂತರ ಯಾವುದು, ಯಾವುದು ತಡವಾದರೆ ಇಡೀ ಯೋಜನೆ ತಡವಾಗುತ್ತದೆ ಎಂಬ ವೇಳಾಪಟ್ಟಿಯ ಗಣಿತವೇ ಇವುಗಳ ಜೀವಾಳ. ಸೇತುವೆ, ಮೆಟ್ರೊ, ಕಾರ್ಖಾನೆಗಳಿಗೆ ಇವು ಒಪ್ಪುತ್ತವೆ. ಟ್ರೆಲೊ, ಆಸನ, ಚೆನ್ನೈ ಮೂಲದ ಜೊಹೊ ಪ್ರಾಜೆಕ್ಟ್ಸ್ ಮುಂತಾದವು ಎರಡನೆಯ ವಂಶದವು; ಕಚೇರಿಯಲ್ಲಿ ಯಾರು ಏನು ಮಾಡಬೇಕೆಂದು ಹಂಚಿಕೊಳ್ಳಲು ಅನುಕೂಲವಾದರೂ ಸಿಮೆಂಟು ಚೀಲ, ಹಾಜರಿ, ಅಳತೆ ಪುಸ್ತಕಗಳ ಪರಿಚಯ ಇವಕ್ಕೆ ತಾವಾಗಿಯೇ ಇರುವುದಿಲ್ಲ. ಕಟ್ಟಡ ಕೆಲಸಕ್ಕೆಂದೇ ಮಾಡಿದವು ಮೂರನೆಯ ವಂಶದವು. ಅಮೆರಿಕದ ಪ್ರೊಕೋರ್ ದೊಡ್ಡ ಗುತ್ತಿಗೆ ಸಂಸ್ಥೆಗಳನ್ನು, ಅಲ್ಲಿಯದೇ ಆದ ಬಿಲ್ಡರ್‌ಟ್ರೆಂಡ್ ಮನೆ ಕಟ್ಟುವವರನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡಿವೆ. ಬೆಂಗಳೂರಿನ ಪವರ್‌ಪ್ಲೇಯಂಥ ಆ್ಯಪ್‌ಗಳು ನಮ್ಮ ಸೈಟುಗಳ ರೀತಿಯನ್ನು ನೋಡಿಕೊಂಡು ರೂಪುಗೊಂಡಿವೆ. ಅಮೆರಿಕದ ಗೃಹನಿರ್ಮಾಣದ ತಂತ್ರಾಂಶದಲ್ಲಿ ಪ್ರತಿ ಉಪಗುತ್ತಿಗೆದಾರನಿಗೂ ಇಮೇಲ್ ಇರುತ್ತದೆ, ಅವನು ತನ್ನ ಬಿಲ್ಲನ್ನು ತಾನೇ ಕಳಿಸುತ್ತಾನೆ ಎಂಬ ಎಣಿಕೆ ಅಡಗಿದೆ. ವಾರದ ಬಟವಾಡೆ, ಮೇಸ್ತ್ರಿಗೆ ಕೊಟ್ಟ ಮುಂಗಡ, ಟಿಪ್ಪರ್ ಚಾಲಕ ತಂದ ಕೈಬರಹದ ಚೀಟಿ ಇವುಗಳಿಗೆ ಅಲ್ಲಿ ಸರಿಯಾದ ಖಾನೆ ಸಿಗುವುದು ಕಷ್ಟ.

ಮಾರಾಟ ಮಾಡಲು ಬರುವವರು ಸಾಮಾನ್ಯವಾಗಿ ಮೊದಲು ತೋರಿಸುವುದು ಬಣ್ಣಬಣ್ಣದ ಪಟ್ಟಿಗಳ ವೇಳಾಪಟ್ಟಿಯನ್ನು. ಅದು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಆದರೆ ನನ್ನ ದೃಷ್ಟಿಯಲ್ಲಿ ಮನೆ ಗುತ್ತಿಗೆದಾರರು ಕೊನೆಗೆ ನೋಡಬೇಕಾದದ್ದು ಅದನ್ನೇ. ಮೊದಲು ನೋಡಬೇಕಾದದ್ದು ಎಕ್ಸ್‌ಟ್ರಾ ಕೆಲಸದ, ಅಂದರೆ ಒಪ್ಪಂದದಲ್ಲಿಲ್ಲದೆ ನಡುವೆ ಸೇರಿಕೊಂಡ ಕೆಲಸದ ಲೆಕ್ಕವನ್ನು.

ಎಕ್ಸ್‌ಟ್ರಾ ಕೆಲಸ

ಒಂದು ಲೆಕ್ಕವನ್ನು ಊಹಿಸಿಕೊಳ್ಳೋಣ. 30x40 ನಿವೇಶನದಲ್ಲಿ ಎರಡು ಅಂತಸ್ತು ಸೇರಿ 20 ಚದರ, ಅಂದರೆ 2,000 ಚದರಡಿಯ ಮನೆ. ಸಾಮಗ್ರಿ ಸಮೇತ ಚದರಡಿಗೆ 2,200 ರೂಪಾಯಿಯಂತೆ ಒಪ್ಪಂದದ ಮೊತ್ತ 44 ಲಕ್ಷ ರೂಪಾಯಿ. ಶೇ 10ರಷ್ಟು ಉಳಿಯಬಹುದೆಂದು ಎಣಿಸಿದರೆ ಲಾಭ 4.4 ಲಕ್ಷ. ಗೋಡೆ ಲಿಂಟಲ್ ಮಟ್ಟಕ್ಕೆ, ಅಂದರೆ ಬಾಗಿಲು ಕಿಟಕಿಗಳ ಮೇಲ್ಭಾಗಕ್ಕೆ ಬಂದಾಗ ಮನೆಯ ಯಜಮಾನಿ ಸೈಟಿಗೆ ಬಂದು ಅಡುಗೆಮನೆಯ ಇನ್ನೊಂದು ಗೋಡೆಗೂ ಲಾಫ್ಟ್ (ಸಾಮಾನು ಇಡುವ ಅಟ್ಟ) ಬೇಕೆನ್ನುತ್ತಾರೆ. ಮೇಸ್ತ್ರಿ "ಆಯ್ತಮ್ಮ, ಹಾಕೋಣ" ಎನ್ನುತ್ತಾನೆ. ಸೆಂಟ್ರಿಂಗ್ (ಕಾಂಕ್ರೀಟು ಹಾಕಲು ಕಟ್ಟುವ ಅಚ್ಚು), ಕಬ್ಬಿಣ, ಕಾಂಕ್ರೀಟು, ಪ್ಲಾಸ್ಟರಿಂಗ್ ಎಲ್ಲವೂ ನಡೆದುಹೋಗುತ್ತವೆ. ಮುಂದೆ ಮೆಟ್ಟಿಲ ಕೆಳಗೊಂದು ಶೌಚಾಲಯ, ಸಂಪಿನ ಗಾತ್ರದಲ್ಲಿ ಹೆಚ್ಚಳ, ಮಲಗುವ ಕೋಣೆಯಲ್ಲಿ ನಾಲ್ಕು ಹೆಚ್ಚುವರಿ ವಿದ್ಯುತ್ ಪಾಯಿಂಟುಗಳು ಸೇರುತ್ತವೆ. ಕೊನೆಯ ಬಿಲ್ಲಿನಲ್ಲಿ ಇವುಗಳನ್ನು ಬರೆದಾಗ ಮಾಲೀಕರು "ಇದೆಲ್ಲ ಮೊದಲೇ ಮಾತಾಗಿತ್ತಲ್ಲ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ಅವರ ನೆನಪಿನಲ್ಲಿ ಹಾಗೇ ಇರುತ್ತದೆ. ಹೀಗೆ ವಸೂಲಾಗದೆ ಉಳಿದದ್ದು ಒಂದೂವರೆ ಲಕ್ಷವಾದರೂ ಲಾಭದ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೋದಂತಾಯಿತು.

ಆದ್ದರಿಂದ ತಂತ್ರಾಂಶದವರು ತೋರಿಸಿದ್ದನ್ನು ನೋಡುತ್ತ ಕೂರುವ ಬದಲು, ಈ ಲಾಫ್ಟನ್ನೇ ಅವರ ಮುಂದಿಟ್ಟು ಮೊದಲಿನಿಂದ ಕೊನೆಯವರೆಗೆ ನಡೆಸಿ ತೋರಿಸಲು ಹೇಳಬೇಕು. ಸೈಟಿನಲ್ಲಿ ನಿಂತ ಸೂಪರ್‌ವೈಸರ್ ಅದನ್ನು ಫೋನಿನಲ್ಲಿ ದಾಖಲಿಸಬೇಕು, ಕಚೇರಿಯವರು ದರ ಹಾಕಬೇಕು, ಅದು ಮಾಲೀಕರ ಫೋನಿಗೆ ಹೋಗಬೇಕು, ಅವರು ಒಪ್ಪಿದ ದಿನಾಂಕ ಮತ್ತು ಸಮಯ ಅಳಿಸಲಾಗದಂತೆ ಉಳಿಯಬೇಕು, ಒಪ್ಪಿದ ಮೊತ್ತ ತಾನಾಗಿಯೇ ಮುಂದಿನ ಹಂತದ ಬಿಲ್ಲಿಗೆ ಸೇರಬೇಕು, ಜತೆಗೆ ಎಷ್ಟು ದಿನ ಹೆಚ್ಚು ಬೇಕೆಂಬುದೂ ಬರಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿ, ಕಚೇರಿಯವರು ಮತ್ತೊಮ್ಮೆ ಕೈಯಿಂದ ನಕಲಿಸಬೇಕಾಗುವುದಾದರೆ, ಅದೇ ಕೊಂಡಿಯಲ್ಲಿ ದಾಖಲೆ ಕಳೆದುಹೋಗುತ್ತದೆ.

ಬೇಸಿಕ್ ರೇಟಿನ, ಅಂದರೆ ಒಪ್ಪಂದದಲ್ಲಿ ಸಾಮಗ್ರಿಗೆ ಹಿಡಿದ ದರದ ವ್ಯತ್ಯಾಸವೂ ಇದೇ ಜಾತಿಯದು. ಒಪ್ಪಂದದಲ್ಲಿ ನೆಲದ ಟೈಲ್ಸಿಗೆ ಚದರಡಿಗೆ 60 ರೂಪಾಯಿ ಎಂದಿದ್ದು ಮಾಲೀಕರು ಅಂಗಡಿಯಲ್ಲಿ 95 ರೂಪಾಯಿಯದನ್ನು ಆರಿಸಿದರೆ, 1,100 ಚದರಡಿಗೆ 38,500 ರೂಪಾಯಿ ವ್ಯತ್ಯಾಸ ಬರುತ್ತದೆ. ಮಾಲೀಕರು ಅಗ್ಗದ್ದನ್ನು ಆರಿಸಿದಾಗ, ಅಥವಾ ಟೈಲ್ಸನ್ನು ತಾವೇ ತಂದಾಗ ಆ ಮೊತ್ತವನ್ನು ಕಳೆಯಲೂ ಬರಬೇಕು. ಕೂಡಿಸಲು ಮಾತ್ರ ಬರುವ, ಕಳೆಯಲು ಬಾರದ ತಂತ್ರಾಂಶವನ್ನು ತೋರಿಸಿದರೆ ಮಾಲೀಕರಿಗೆ ಅನುಮಾನ ಹುಟ್ಟುವುದು ಸಹಜ.

ಸಾಮಗ್ರಿ ಮತ್ತು ಬಟವಾಡೆ

ಸಾಮಗ್ರಿಯ ವಿಷಯದಲ್ಲಿ ಅಳತೆಯ ಘಟಕಗಳೇ ದೊಡ್ಡ ತೊಡಕು. ಕಬ್ಬಿಣವನ್ನು ಟನ್ ಲೆಕ್ಕದಲ್ಲಿ ಕೊಳ್ಳುತ್ತೇವೆ, ಸೈಟಿನಲ್ಲಿ ರಾಡುಗಳನ್ನು ಎಣಿಸಿ ಇಳಿಸಿಕೊಳ್ಳುತ್ತೇವೆ, ಬಾರ್ ಬೆಂಡರ್ ಅದನ್ನು ಮೀಟರು ಅಡಿಗಳಲ್ಲಿ ಕತ್ತರಿಸುತ್ತಾನೆ. ರಾಡಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೊಗಳಲ್ಲಿ ಬರುತ್ತದೆ. 12 ಮಿ.ಮೀ. ರಾಡಿಗೆ ಅದು 0.889 ಕಿಲೊ, 12 ಮೀಟರ್ ಉದ್ದದ ಒಂದು ರಾಡು ಸುಮಾರು 10.67 ಕಿಲೊ. ತೂಕದ ಚೀಟಿಯಲ್ಲಿ 2 ಟನ್ ಎಂದಿದ್ದರೆ ಸುಮಾರು 187 ರಾಡುಗಳಿರಬೇಕು. ಐಎಸ್ 1786 ಎಂಬ ಭಾರತೀಯ ಮಾನಕವು ಈ ಗಾತ್ರದ ರಾಡುಗಳ ಸರಾಸರಿ ತೂಕದಲ್ಲಿ ಶೇ 5ರಷ್ಟು ಹೆಚ್ಚುಕಡಿಮೆಗೆ ಅವಕಾಶ ಕೊಟ್ಟಿರುವುದರಿಂದ ಎಣಿಕೆ ಒಂದಿಷ್ಟು ಆಚೀಚೆಯಾಗಬಹುದು. 170 ಮಾತ್ರ ಬಂದಿದ್ದರೆ ಚಾಲಕನನ್ನು ನಿಲ್ಲಿಸಿ ಕೇಳಬೇಕಾದ ಪ್ರಶ್ನೆಯೊಂದು ಇದೆ. ತೂಕ ಮತ್ತು ಎಣಿಕೆ ಎರಡನ್ನೂ ತೆಗೆದುಕೊಂಡು ತಾಳೆ ನೋಡುವ ತಂತ್ರಾಂಶ, ಲೋಡು ಇಳಿಯುತ್ತಿರುವಾಗಲೇ ಈ ಪ್ರಶ್ನೆಯನ್ನು ಕೇಳಿಸುತ್ತದೆ. ಎಂ ಸ್ಯಾಂಡನ್ನು ಒಬ್ಬರು ಟನ್ನಿನಲ್ಲಿ, ಇನ್ನೊಬ್ಬರು ಘನ ಅಡಿಯಲ್ಲಿ, ಉತ್ತರ ಕರ್ನಾಟಕದ ಹಲವೆಡೆ ಬ್ರಾಸ್ ಲೆಕ್ಕದಲ್ಲಿ ಕೊಡುತ್ತಾರೆ. ಒಂದು ಬ್ರಾಸ್ ಎಂದರೆ 100 ಘನ ಅಡಿ. ನಮ್ಮದೇ ಘಟಕವನ್ನು ಸೇರಿಸಿ ಪರಿವರ್ತನೆಯ ದರ ಬರೆದಿಡಲು ಆಗುತ್ತದೆಯೇ ಎಂದು ಕೇಳಿ ನೋಡಬೇಕು.

ಇನ್ನೊಂದು ಸಣ್ಣ ಪರೀಕ್ಷೆ ಇದೆ. ಒಂದು ಸೈಟಿನಲ್ಲಿ ಉಳಿದ ಹದಿನೈದು ಚೀಲ ಸಿಮೆಂಟನ್ನು ಇನ್ನೊಂದು ಸೈಟಿಗೆ ಸಾಗಿಸುವುದು ವಾರವಾರವೂ ನಡೆಯುವ ಸಂಗತಿ. ಆ ಚೀಲಗಳ ಬೆಲೆ ಮೊದಲ ಮನೆಯ ಖರ್ಚಿನಿಂದ ಇಳಿದು ಎರಡನೆಯ ಮನೆಯ ಖರ್ಚಿಗೆ ಏರದಿದ್ದರೆ ಯಾವ ಮನೆಯಲ್ಲಿ ಎಷ್ಟು ಉಳಿಯಿತೆಂಬ ಲೆಕ್ಕವೇ ಸುಳ್ಳಾಗುತ್ತದೆ.

ಕೂಲಿಯ ಲೆಕ್ಕದಲ್ಲಿ ಗಾರೆಯವರು, ಹೆಲ್ಪರುಗಳು, ಅರ್ಧ ದಿನ, ಓವರ್‌ಟೈಮ್, ವಾರದ ಮಧ್ಯದಲ್ಲಿ ಪಡೆದ ಖರ್ಚಿನ ಹಣ, ಹಬ್ಬಕ್ಕೆ ಊರಿಗೆ ಹೋಗುವಾಗ ಕೊಟ್ಟ ಮುಂಗಡ ಇವೆಲ್ಲ ಸೇರಿ ಬಟವಾಡೆಯ ದಿನ ಒಂದೇ ಹಾಳೆಯಲ್ಲಿ ಬರಬೇಕು. ಪ್ಲಾಸ್ಟರಿಂಗ್, ಪೇಂಟಿಂಗ್, ಸೆಂಟ್ರಿಂಗ್ ಮುಂತಾದವು ಅಳತೆಯ ಮೇಲೆ ನಡೆಯುವುದರಿಂದ ದಿನಗೂಲಿ ಮತ್ತು ಅಳತೆ ಎರಡೂ ಬಗೆಯ ಲೆಕ್ಕ ಬೇಕು. ಮೇಸ್ತ್ರಿಯ ಹೆಸರಿನಲ್ಲಿ ಎಷ್ಟು ಮುಂಗಡ ಬಾಕಿ ಇದೆ ಎಂಬುದು ಎಲ್ಲ ಸೈಟುಗಳೂ ಸೇರಿ ಕಾಣಬೇಕು, ಏಕೆಂದರೆ ಅವನು ಒಂದು ಸೈಟಿನಿಂದ ಇನ್ನೊಂದಕ್ಕೆ ಹೋಗುವಾಗ ಹಳೆಯ ಮುಂಗಡ ಹಿಂದೆಯೇ ಉಳಿದುಬಿಡುತ್ತದೆ. ಮುಖ ಗುರುತಿಸಿ ಹಾಜರಿ ಹಾಕುವ ಸೌಲಭ್ಯವನ್ನು ಕೆಲವರು ಮುಂದಿಡುತ್ತಾರೆ. ಹತ್ತು ಹದಿನೈದು ಜನರ ಸೈಟಿಗೆ ಅದು ಅನಗತ್ಯವೆಂದೇ ನನಗನ್ನಿಸುತ್ತದೆ; ಕಾರ್ಮಿಕರ ಮುಖಚಿತ್ರ, ಆಧಾರ್ ಪ್ರತಿಗಳನ್ನು ಸಂಗ್ರಹಿಸಿಟ್ಟರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೊಣೆಗಾರಿಕೆಯನ್ನೂ ಹೊತ್ತುಕೊಂಡಂತೆ.

ವೇಳಾಪಟ್ಟಿ ಎಷ್ಟು ಬೇಕು

ವೇಳಾಪಟ್ಟಿ ಬೇಡವೆಂದಲ್ಲ. ನಮ್ಮಲ್ಲಿ ಮನೆಯ ಕೆಲಸ ಎಷ್ಟೋ ಸಲ ಹಿಂದುಮುಂದಾಗಿ ಲೆಕ್ಕವಾಗುತ್ತದೆ: ಪುರೋಹಿತರು ಗೃಹಪ್ರವೇಶದ ಮುಹೂರ್ತವನ್ನು ಇಟ್ಟುಕೊಡುತ್ತಾರೆ, ಆಷಾಢ ಬರುವುದರೊಳಗೆ ಮುಗಿಯಬೇಕೆಂದು ಮಾಲೀಕರು ಹೇಳುತ್ತಾರೆ, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಬರಬೇಕಾಗುತ್ತದೆ. ಕೊನೆಯ ದಿನವನ್ನು ಕೊಟ್ಟು ಆರಂಭದ ದಿನಗಳನ್ನು ಕಂಡುಕೊಳ್ಳಲು ತಂತ್ರಾಂಶಕ್ಕೆ ಬರಬೇಕು. ಕ್ಯಾಲೆಂಡರನ್ನೂ ತಿದ್ದಿಕೊಳ್ಳಬೇಕು. ಮೈಕ್ರೋಸಾಫ್ಟ್ ಪ್ರಾಜೆಕ್ಟ್ ಮೊದಲಿಗೆ ಕೊಡುವ ಕ್ಯಾಲೆಂಡರಿನಲ್ಲಿ ಶನಿವಾರ ಭಾನುವಾರ ಎರಡೂ ರಜೆ; ನಮ್ಮ ಸೈಟುಗಳಲ್ಲಿ ಶನಿವಾರ ಕೆಲಸ ಇದ್ದೇ ಇರುತ್ತದೆ, ಆದರೆ ಯುಗಾದಿ, ಊರ ಜಾತ್ರೆ, ದೀಪಾವಳಿ, ಬಿಹಾರದ ಕೆಲಸಗಾರರಿದ್ದರೆ ಛಠ್ ಹಬ್ಬದ ಸುತ್ತಮುತ್ತ ವಾರಗಟ್ಟಲೆ ಸೈಟು ಖಾಲಿಯಾಗುತ್ತದೆ.

ಒತ್ತಿ ಕುಗ್ಗಿಸಲಾಗದ ದಿನಗಳೂ ಇವೆ. ಮೋಲ್ಡ್ (ಛಾವಣಿಯ ಕಾಂಕ್ರೀಟು) ಹಾಕಿದ ಮೇಲೆ ಆಧಾರದ ಕಂಬಗಳನ್ನು ಯಾವಾಗ ತೆಗೆಯಬಹುದೆಂದು ಐಎಸ್ 456:2000 ಮಾನಕ ಹೇಳುತ್ತದೆ: ಆಧಾರದಿಂದ ಆಧಾರಕ್ಕೆ 4.5 ಮೀಟರ್, ಅಂದರೆ ಸುಮಾರು 15 ಅಡಿಯವರೆಗಿನ ಸ್ಲ್ಯಾಬಿಗೆ ಕನಿಷ್ಠ 7 ದಿನ, ಅದಕ್ಕಿಂತ ಅಗಲವಾದುದಕ್ಕೆ 14 ದಿನ. 6 ಮೀಟರ್‌ವರೆಗಿನ ತೊಲೆಗೆ 14 ದಿನ, ಅದಕ್ಕೂ ಹೆಚ್ಚಿನದಕ್ಕೆ 21 ದಿನ. ಇವು ಒಪಿಸಿ, ಅಂದರೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಲೆಕ್ಕ. ಮನೆಗಳಲ್ಲಿ ಹೆಚ್ಚಾಗಿ ಬಳಸುವ, ಹಾರುಬೂದಿಯಂಥವು ಬೆರೆತ ಪಿಪಿಸಿ ಸಿಮೆಂಟು ಬಲ ಪಡೆಯುವುದು ನಿಧಾನವಾದ್ದರಿಂದ ಎಂಜಿನಿಯರರು ಅವಧಿಯನ್ನು ಹೆಚ್ಚಿಸುತ್ತಾರೆ. ಕ್ಯೂರಿಂಗ್ (ಕಾಂಕ್ರೀಟನ್ನು ಒದ್ದೆಯಾಗಿಡುವುದು) ಒಪಿಸಿಗೆ ಕನಿಷ್ಠ 7 ದಿನವಾದರೆ ಪಿಪಿಸಿಗೆ 10 ದಿನ, ಅದನ್ನೂ 14ಕ್ಕೆ ಏರಿಸುವುದು ಒಳ್ಳೆಯದೆಂದು ಮಾನಕವೇ ಹೇಳುತ್ತದೆ. ವೇಳಾಪಟ್ಟಿಯಲ್ಲಿ ಈ ದಿನಗಳನ್ನು ಸೂಪರ್‌ವೈಸರ್ ಬದಲಿಸಲಾಗದಂತೆ ಬೀಗ ಹಾಕಿಡಲು ಸಾಧ್ಯವಾದರೆ ಅದು ನಿಜವಾಗಿ ಉಪಯೋಗಕ್ಕೆ ಬರುವ ಸೌಲಭ್ಯ. ಮುಹೂರ್ತ ಹತ್ತಿರ ಬಂದಾಗ ಮೊದಲು ಕತ್ತರಿ ಬೀಳುವುದು ಇವುಗಳ ಮೇಲೆಯೇ.

ಉಳಿದಂತೆ ಮುಂದಿನ ಮೂರು ವಾರಗಳ ಕೆಲಸ, ಅದಕ್ಕೆ ಬೇಕಾದ ಸಾಮಗ್ರಿ, ಮತ್ತು ಮಾಲೀಕರು ಯಾವ ದಿನದೊಳಗೆ ಏನನ್ನು ತೀರ್ಮಾನಿಸಬೇಕು ಎಂಬ ಪಟ್ಟಿ ಸಾಕಾಗುತ್ತದೆ. ಗ್ರಾನೈಟು ಆರಿಸುವುದು ಹತ್ತು ದಿನ ತಡವಾದದ್ದು ಮಾಲೀಕರಿಂದಲೋ ಗುತ್ತಿಗೆದಾರರಿಂದಲೋ ಎಂಬ ಜಗಳಕ್ಕೆ ಆ ಪಟ್ಟಿಯೇ ಉತ್ತರ ಕೊಡುತ್ತದೆ.

ಟೈಪ್ ಮಾಡುವವರು ಯಾರು

ಇಷ್ಟೆಲ್ಲ ದಾಖಲೆಗಳೂ ಸೈಟಿನಲ್ಲಿರುವ ಒಬ್ಬ ಸೂಪರ್‌ವೈಸರ್ ಅಥವಾ ಮೇಸ್ತ್ರಿಯ ಫೋನಿನಿಂದ ಬರಬೇಕು. ಅವನ ಕೈಯಲ್ಲಿ ಸಿಮೆಂಟಿನ ಧೂಳಿದೆ, ಫೋನಿನ ಗಾಜು ಒಡೆದಿದೆ, ಹೊಸ ಬಡಾವಣೆಯಲ್ಲಿ ನೆಟ್‌ವರ್ಕ್ ಬಂದುಹೋಗಿ ಮಾಡುತ್ತದೆ. ಕಚೇರಿಯ ದೊಡ್ಡ ಪರದೆಯಲ್ಲಿ ನೋಡಿ ಮೆಚ್ಚಿದ ತಂತ್ರಾಂಶ ಇವನ ಕೈಯಲ್ಲಿ ಎರಡು ವಾರವೂ ಬಾಳದಿರಬಹುದು. ಆದ್ದರಿಂದ ಕೊಳ್ಳುವ ಮುನ್ನ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಹಾಜರಿಯನ್ನೂ ಎರಡು ಫೋಟೊಗಳನ್ನೂ ದಾಖಲಿಸಿ, ನೆಟ್‌ವರ್ಕ್ ಬಂದ ಮೇಲೆ ಅವು ತಾವಾಗಿಯೇ ಸರಿಯಾದ ಸಮಯದೊಂದಿಗೆ ಮೇಲೇರುತ್ತವೆಯೇ ಎಂದು ನೋಡಬೇಕು. ಸಂಜೆಯ ದಿನವರದಿಗೆ ಐದು ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಅದು ಮರುದಿನ ಬೆಳಿಗ್ಗೆ ಅಂದಾಜಿನಲ್ಲಿ ತುಂಬಿದ ವರದಿಯಾಗುತ್ತದೆ.

ಕನ್ನಡದ ವಿಷಯದಲ್ಲಿ "ನಮ್ಮಲ್ಲಿ ಕನ್ನಡ ಇದೆ" ಎಂಬ ಮಾತನ್ನು ಅಷ್ಟಕ್ಕೇ ನಂಬಬಾರದು. ಗುಂಡಿಗಳ ಹೆಸರು ಕನ್ನಡದಲ್ಲಿರುವುದು ಒಂದು, ನಾವು ಬರೆದದ್ದು ಕನ್ನಡದಲ್ಲಿ ಉಳಿದು ಹುಡುಕಿದಾಗ ಸಿಗುವುದು ಇನ್ನೊಂದು, ಪಿಡಿಎಫ್ ಆಗಿ ಹೊರಬಂದಾಗ ಓದುವಂತಿರುವುದು ಮತ್ತೊಂದು. ಎಷ್ಟೋ ತಂತ್ರಾಂಶಗಳು ಪಿಡಿಎಫ್ ಮಾಡುವಾಗ ಒತ್ತಕ್ಷರಗಳನ್ನು ಬಿಡಿಬಿಡಿಯಾಗಿಸುತ್ತವೆ, ಇಲ್ಲವೇ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳನ್ನು ಮುದ್ರಿಸುತ್ತವೆ. "ಮೇಸ್ತ್ರಿ", "ಪ್ಲಾಸ್ಟರಿಂಗ್", "ಹೆಚ್ಚುವರಿ ಲಾಫ್ಟ್" ಎಂದು ಬರೆದು ಒಂದು ಬಿಲ್ಲನ್ನು ಮುದ್ರಿಸಿ ನೋಡಿದರೆ ಸತ್ಯ ತಿಳಿಯುತ್ತದೆ. ಬಂಗಾಳ, ಒಡಿಶಾದ ತಂಡಗಳಿರುವ ಸೈಟುಗಳಲ್ಲಿ ಧ್ವನಿ ಟಿಪ್ಪಣಿಯ ಸೌಲಭ್ಯವಿದ್ದರೆ ಭಾಷೆಯ ಹೊರೆ ಎಷ್ಟೋ ಇಳಿಯುತ್ತದೆ.

ಫೋಟೊಗಳ ಪೈಕಿ ಬಹು ಮುಖ್ಯವಾದವು ಮುಂದೆ ಮುಚ್ಚಿಹೋಗುವ ಕೆಲಸಗಳವು: ಕಾಂಕ್ರೀಟು ಸುರಿಯುವ ಮುನ್ನ ಕಟ್ಟಿದ ಕಬ್ಬಿಣ, ಪ್ಲಾಸ್ಟರಿಂಗಿಗೆ ಮುನ್ನ ಗೋಡೆಯೊಳಗಿನ ವೈರಿಂಗ್ ಪೈಪುಗಳು, ಟೈಲ್ಸಿಗೆ ಮುನ್ನ ಬಚ್ಚಲುಮನೆಯ ವಾಟರ್‌ಪ್ರೂಫಿಂಗ್. ಮನೆ ಒಪ್ಪಿಸಿ ಎರಡು ವರ್ಷವಾದ ಮೇಲೆ ಯಾರಾದರೂ ಟಿವಿ ಗೋಡೆಗೆ ಡ್ರಿಲ್ ಮಾಡಬೇಕೆಂದಾಗ ಆ ಪೈಪು ಎಲ್ಲಿದೆ ಎಂದು ತೋರಿಸುವುದು ಆ ಒಂದು ಚಿತ್ರ. ಫೋಟೊಗಳು ದಿನಾಂಕದ ಜತೆಗೆ ಕೋಣೆಯ ಹೆಸರಿನಲ್ಲೂ ಸಿಗುವಂತಿರಬೇಕು.

ಹೊಸ ತಂತ್ರಾಂಶವನ್ನು ಎಲ್ಲ ಸೈಟುಗಳಲ್ಲೂ ಒಮ್ಮೆಲೇ ತರುವುದು ಜಾಣತನವಲ್ಲ. ಪಾಯ ಮುಗಿದ ಒಂದು ಮನೆಯನ್ನು ಆರಿಸಿಕೊಂಡು ಪ್ಲಿಂತಿನಿಂದ ಮೊದಲ ಮೋಲ್ಡ್‌ವರೆಗೆ ಅದರಲ್ಲಿ ನಡೆಸಿ, ಮೊದಲ ಕೆಲವು ಬಟವಾಡೆಗಳಿಗೆ ಹಳೆಯ ಪುಸ್ತಕವನ್ನೂ ಜತೆಯಲ್ಲಿಟ್ಟು ಎರಡೂ ಲೆಕ್ಕ ತಾಳೆಯಾಗುತ್ತದೆಯೇ ನೋಡುವುದು ಸರಿಯಾದ ಕ್ರಮ. ತಾಳೆಯಾಗದಿದ್ದರೆ ತಪ್ಪು ಪುಸ್ತಕದಲ್ಲಿಯೂ ಇರಬಹುದು.

ತೆರಿಗೆ, ಬೆಲೆ, ಬಿಡುಗಡೆ

ಲೆಕ್ಕಪತ್ರವನ್ನು ತಂತ್ರಾಂಶದಲ್ಲಿಯೇ ಇಡಬೇಕೇ ಎಂಬುದಕ್ಕೆ ನನ್ನ ಉತ್ತರ ಬೇಡ ಎಂಬುದು. ಸೈಟಿನ ಖರ್ಚು ಇಲ್ಲಿರಲಿ, ತೆರಿಗೆಯ ಲೆಕ್ಕ ಟ್ಯಾಲಿಯಲ್ಲಿರಲಿ, ಖರೀದಿಯ ಬಿಲ್ಲುಗಳು ಇಲ್ಲಿಂದ ಅಲ್ಲಿಗೆ ಮತ್ತೆ ಟೈಪ್ ಮಾಡದೆ ಹೋಗುವಂತಿರಲಿ. ತೆರಿಗೆಯ ದರ ದಿನಾಂಕಕ್ಕೆ ತಕ್ಕಂತೆ ಬದಲಾಗುವಂತಿರಬೇಕು: 2025ರ ಸೆಪ್ಟೆಂಬರ್ 22ರಂದು ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಾಗ, ಹಿಂದಿನ ದಿನದ ಬಿಲ್ಲು ಹಳೆಯ ದರದಲ್ಲಿಯೇ ಉಳಿಯಬೇಕಿತ್ತು. ಸಾಮಗ್ರಿ ಸಮೇತದ ಗುತ್ತಿಗೆಗೆ ತೆರಿಗೆಯಿದ್ದು, ಒಂಟಿ ಮನೆಯ ಬರೀ ಲೇಬರ್ ಗುತ್ತಿಗೆಗೆ ವಿನಾಯಿತಿ ಇರುವುದರಿಂದ ಎರಡು ಬಗೆಯ ಒಪ್ಪಂದಗಳನ್ನೂ ಬೇರೆ ಬೇರೆಯಾಗಿ ಇಡಬೇಕಾಗುತ್ತದೆ. ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿರುವವರು ಲೆಕ್ಕಪತ್ರ ಇಡುವ ತಂತ್ರಾಂಶದಲ್ಲಿ ಯಾರು ಯಾವಾಗ ಏನನ್ನು ತಿದ್ದಿದರೆಂಬ ದಾಖಲೆ ಉಳಿಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸ್ವಂತ ಜಾಗದಲ್ಲಿ ಮನೆಗಳನ್ನು ಕಟ್ಟಿ ಮಾರುವವರಿಗೆ, ಜಾಗ 500 ಚದರ ಮೀಟರನ್ನು ಅಥವಾ ಮನೆಗಳ ಸಂಖ್ಯೆ ಎಂಟನ್ನು ಮೀರಿದರೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಮತ್ತು ಮೂರು ತಿಂಗಳಿಗೊಮ್ಮೆ ಪ್ರಗತಿಯ ವಿವರ ಸಲ್ಲಿಕೆ ಸೇರಿಕೊಳ್ಳುತ್ತವೆ; ಅವರ ಅಗತ್ಯ ಇಲ್ಲಿ ಹೇಳಿದ್ದಕ್ಕಿಂತ ದೊಡ್ಡದು.

ಬೆಲೆಯನ್ನು ಬಳಕೆದಾರರ ಸಂಖ್ಯೆಯ ಮೇಲೆ ಹಾಕುತ್ತಾರೋ ಸೈಟುಗಳ ಮೇಲೋ ಎಂಬುದನ್ನು ಗಮನಿಸಬೇಕು. ತಿಂಗಳಿಗೆ ತಲಾ 500 ರೂಪಾಯಿ ಎಂದುಕೊಂಡರೆ ಎಂಟು ಜನಕ್ಕೆ ವರ್ಷಕ್ಕೆ 48,000, ಶೇ 18 ಜಿಎಸ್‌ಟಿ ಸೇರಿದರೆ 56,640 ರೂಪಾಯಿ. ಮೇಸ್ತ್ರಿಗಳನ್ನೂ ಮನೆ ಮಾಲೀಕರನ್ನೂ ಬಳಕೆದಾರರೆಂದು ಎಣಿಸುವುದಾದರೆ ಈ ಲೆಕ್ಕ ಎರಡು ಮೂರು ಪಟ್ಟಾಗುತ್ತದೆ. ಹಣ ಉಳಿಸಲೆಂದು ನಾಲ್ವರು ಒಂದೇ ಪಾಸ್‌ವರ್ಡ್ ಬಳಸತೊಡಗಿದರೆ ಯಾರು ಏನು ಬರೆದರೆಂಬ ದಾಖಲೆಗೆ ಅರ್ಥ ಉಳಿಯುವುದಿಲ್ಲ. ವಿದೇಶಿ ತಂತ್ರಾಂಶಗಳ ಬೆಲೆ ಡಾಲರಿನ ಜತೆ ಏರಿಳಿಯುತ್ತದೆ.

ತಂತ್ರಾಂಶ ಸಂಸ್ಥೆಗಳು ಕೈ ಬದಲಾಗುತ್ತವೆ, ಸೇವೆಗಳು ನಿಲ್ಲುತ್ತವೆ. ಮನೆ ಕಟ್ಟುವವರು ಬಳಸುತ್ತಿದ್ದ ಕೋಕನ್‌ಸ್ಟ್ರಕ್ಟ್ ಎಂಬ ತಂತ್ರಾಂಶವನ್ನು 2021ರಲ್ಲಿ ಅದರ ಪ್ರತಿಸ್ಪರ್ಧಿ ಬಿಲ್ಡರ್‌ಟ್ರೆಂಡೇ ಕೊಂಡುಕೊಂಡಿತು. ಮೈಕ್ರೋಸಾಫ್ಟ್ ಕೂಡ ತನ್ನ ಪ್ರಾಜೆಕ್ಟ್ ಆನ್‌ಲೈನ್ ಸೇವೆಗೆ 2026ರ ಸೆಪ್ಟೆಂಬರ್ 30 ಕೊನೆಯ ದಿನವೆಂದು ಪ್ರಕಟಿಸಿತು. ಹಾಗಾಗಿ ಹಣ ಕೊಡುವ ಮುನ್ನವೇ, ಪ್ರಾಯೋಗಿಕ ಅವಧಿಯಲ್ಲಿ, ಒಂದು ಮನೆಯ ಸಂಪೂರ್ಣ ದಾಖಲೆಯನ್ನು ಹೊರತೆಗೆದು ನೋಡಬೇಕು. ಲೆಕ್ಕಗಳು ಎಕ್ಸೆಲ್‌ಗೆ ಬರುತ್ತವೆಯೇ, ಫೋಟೊಗಳು ಕೋಣೆ ಮತ್ತು ದಿನಾಂಕದ ಹೆಸರಿನೊಂದಿಗೆ ಬರುತ್ತವೆಯೇ, ಮಾಲೀಕರ ಒಪ್ಪಿಗೆಗಳು ಸಮಯದ ಮುದ್ರೆಯೊಂದಿಗೆ ಬರುತ್ತವೆಯೇ ಎಂಬುದು ಆಗ ಗೊತ್ತಾಗುತ್ತದೆ. ಪ್ರತಿ ಮನೆಯನ್ನು ಒಪ್ಪಿಸಿದ ದಿನವೇ ಇದನ್ನು ಮಾಡಿ ಬೇರೊಂದು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪುಸ್ತಕಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳವರೆಗೆ ಕಾಪಾಡಬೇಕು, ಮತ್ತು ಅಷ್ಟು ಕಾಲ ಒಂದೇ ತಂತ್ರಾಂಶಕ್ಕೆ ಚಂದಾ ಕಟ್ಟುತ್ತಲೇ ಇರುವ ಗುತ್ತಿಗೆದಾರರು ಕಡಿಮೆ.